ಡೇರೆ ಕಟ್ಟುವ ಪಾಠ: ಮಾರತ್ತಹಳ್ಳಿಯ ಏಳನೆಯ ತರಗತಿಯಲ್ಲಿ ಶಿಬಿರದ ಹೊರಾಂಗಣ ಚಟುವಟಿಕೆ

ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಗಳು ‘ಶಿಬಿರದಲ್ಲಿ ಹೊರಾಂಗಣ ಚಟುವಟಿಕೆಗಳ ಆನಂದ’ ಎಂಬ ವಿಷಯವನ್ನು ಇಷ್ಟಪಟ್ಟು ಆರಿಸಿಕೊಳ್ಳುತ್ತಾರೆ. ಚಿತ್ರಗಳು ಸುಲಭವಾಗಿ ಸಿಗುತ್ತವೆ, ಹಾಡು ಆಟ ಸೇರಿಸಬಹುದು, ಮಕ್ಕಳು ಗಲಾಟೆ ಮಾಡದೆ ಕೇಳುತ್ತಾರೆ ಎಂಬ ಭರವಸೆಯೂ ಇರುತ್ತದೆ. ಪಾಠಯೋಜನೆಯ ಮೊದಲ ಪುಟ ಬಹುಮಟ್ಟಿಗೆ ಒಂದೇ ಬಗೆಯದು. ಬೆಟ್ಟ, ಅದರ ಬುಡದಲ್ಲಿ ಕಿತ್ತಳೆ ಬಣ್ಣದ ಡೇರೆ, ಅದರ ಮುಂದೆ ಉರಿಯುವ ಬೆಂಕಿ ಇರುವ ಚಾರ್ಟು. ಪೂರ್ವಜ್ಞಾನ ಪರೀಕ್ಷೆಯ ಮೊದಲ ಪ್ರಶ್ನೆ: ‘ರಜೆಯಲ್ಲಿ ನೀವು ಎಲ್ಲೆಲ್ಲಿಗೆ ಪ್ರವಾಸ ಹೋಗಿದ್ದಿರಿ?’

ಮಾರತ್ತಹಳ್ಳಿ ಸುತ್ತಿನ ಸರ್ಕಾರಿ ಶಾಲೆಯಲ್ಲಿ ಈ ಪ್ರಶ್ನೆ ಕೇಳಿದರೆ ಹಲವು ಮಕ್ಕಳು ಹೇಳುವುದು ‘ಊರಿಗೆ ಹೋಗಿದ್ವಿ’ ಎಂದಷ್ಟೇ. ಊರು ಎಂದರೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಹಳ್ಳಿ. ಕೆಲವರಿಗೆ ಆಂಧ್ರದ, ತಮಿಳುನಾಡಿನ, ಇನ್ನೂ ದೂರದ ಊರು. ಹೊರವರ್ತುಲ ರಸ್ತೆಯ ಆಚೀಚೆ ಕಟ್ಟಡ ಕಟ್ಟಲು ಬಂದ ಕುಟುಂಬಗಳ ಮಕ್ಕಳು ಇವರು. ಮುನ್ನೇಕೊಳಾಲ, ತೂಬರಹಳ್ಳಿ ಕಡೆಯ ಖಾಲಿ ನಿವೇಶನಗಳಲ್ಲಿ ತಗಡು ಮತ್ತು ನೀಲಿ ಟಾರ್ಪಾಲಿನ ಶೆಡ್ಡುಗಳ ಸಾಲು ನೋಡದ ಪ್ರಶಿಕ್ಷಣಾರ್ಥಿ ಇರಲಾರರು. ಅದೇ ತರಗತಿಯಲ್ಲಿ ಬಾಡಿಗೆ ಮನೆಯ, ಸ್ವಂತ ಮನೆಯ ಮಕ್ಕಳೂ ಕೂತಿರುತ್ತಾರೆ. ಅಂಥಲ್ಲಿ ಡೇರೆಯ ಚಿತ್ರ ತೂಗುಹಾಕಿ, ‘ಇದರಲ್ಲಿ ಒಂದು ರಾತ್ರಿ ಮಲಗಿದರೆ ಎಷ್ಟು ಚೆನ್ನಾಗಿರುತ್ತದೆ, ಅಲ್ಲವೇ ಮಕ್ಕಳೇ?’ ಎಂದು ಕೇಳುವಾಗ ಯಾವ ಮಗುವಿಗೆ ಏನು ಕೇಳಿಸುತ್ತದೆ ಎಂಬುದನ್ನು ಮೊದಲೇ ಯೋಚಿಸಿರಬೇಕು. ಒಬ್ಬನಿಗೆ ಅದು ರಜೆಯ ಮೋಜು, ಪಕ್ಕದವಳಿಗೆ ಅದು ನಿನ್ನೆ ರಾತ್ರಿಯ ಮನೆ.

ಹಾಗೆಂದು ಪಾಠವನ್ನು ಕೈಬಿಡುವುದು ಸರಿಯಾಗದು. ಬಯಲಿನಲ್ಲಿ ಗೆಳೆಯರ ಜೊತೆ ಕೈಯಾರೆ ಏನನ್ನಾದರೂ ಕಟ್ಟುವ ಸಂತೋಷ ಎಲ್ಲ ಮಕ್ಕಳಿಗೂ ಸಲ್ಲಬೇಕಾದ್ದು. ಎರಡು ಅವಧಿಗಳನ್ನು ಕೂಡಿಸಿ, ೮೦ ನಿಮಿಷಗಳಲ್ಲಿ, ಶಾಲೆಯ ಅಂಗಳದಲ್ಲೇ ಈ ಪಾಠವನ್ನು ಮಾಡುವ ಕ್ರಮವೊಂದನ್ನು ಇಲ್ಲಿ ವಿವರಿಸಿದ್ದೇನೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ವೀಕ್ಷಿಸಿದ ಪಾಠಗಳಿಂದ ಒಂದೆರಡು ಸಂದರ್ಭಗಳನ್ನೂ ಸೇರಿಸಿದ್ದೇನೆ.

ಮೊದಲು ಆ ಪೂರ್ವಜ್ಞಾನದ ಪ್ರಶ್ನೆಯನ್ನು ಬದಲಿಸೋಣ. ‘ಎಲ್ಲಿಗೆ ಪ್ರವಾಸ ಹೋಗಿದ್ದಿರಿ’ ಎನ್ನುವುದರ ಬದಲು ‘ಎಲ್ಲರೂ ಸೇರಿ ಬಯಲಲ್ಲಿ ಕೂತು ಊಟ ಮಾಡಿದ್ದು ಯಾವಾಗ?’ ಎಂದು ಕೇಳಿ ನೋಡಿ. ಒಂದು ತರಗತಿಯಲ್ಲಿ ಹೀಗೆ ಕೇಳಿದಾಗ ಕಲಬುರಗಿ ಕಡೆಯ ಹುಡುಗನೊಬ್ಬ ಎದ್ದು ನಿಂತು, ‘ಎಳ್ಳಮಾಸಿಗಿ ಹೊಲಕ್ಕ ಹೋಗ್ತೀವ್ರೀ ಮಿಸ್, ಚರಗ ಚೆಲ್ಲತೀವಿ, ಎಲ್ಲಾರೂ ಕೂಡಿ ಅಲ್ಲೇ ಉಣತೀವಿ’ ಎಂದ. ಬೆಂಗಳೂರಿನ ಮಕ್ಕಳಿಗೆ ಚರಗ ಎಂದರೇನೆಂದು ಗೊತ್ತಿರಲಿಲ್ಲ. ಪಾಠ ಮಾಡುತ್ತಿದ್ದವರಿಗೂ ಗೊತ್ತಿರಲಿಲ್ಲ. ಆ ಹುಡುಗ ಐದು ನಿಮಿಷ ಅವರಿಗೆಲ್ಲ ಮೇಷ್ಟ್ರಾದ. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಬೆಳೆಯ ನಡುವೆ ಪೂಜೆ ಮಾಡಿ ಹೊಲದ ಸುತ್ತ ಚರಗ ಚೆಲ್ಲುವುದು, ಆಮೇಲೆ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಗಳ ಊಟ. ಹಳೆ ಮೈಸೂರಿನ ಮಕ್ಕಳು ಕಾರ್ತಿಕದ ವನಭೋಜನವನ್ನೋ ಬೆಳದಿಂಗಳೂಟವನ್ನೋ ನೆನೆದಾರು. ಕುರಿ ಕಾಯುವ ಮನೆತನದ ಮಗುವಿದ್ದರೆ ಇನ್ನೂ ಒಳ್ಳೆಯದು. ಮಂದೆಯೊಡನೆ ಊರೂರು ಸುತ್ತಿ, ಗೊಬ್ಬರಕ್ಕಾಗಿ ರೈತರು ಕರೆದ ಹೊಲದಲ್ಲಿ ಕುರಿ ತರುಬಿ, ರಾತ್ರಿ ಅಲ್ಲೇ ಬಿಡಾರ ಹೂಡುವವರಿಗಿಂತ ಶಿಬಿರ ಬಲ್ಲವರು ಯಾರಿದ್ದಾರೆ?

ಭಾಷಾ ಪಾಠವಾಗಿ ತೆಗೆದುಕೊಂಡವರು ಇಲ್ಲಿ ಹತ್ತು ನಿಮಿಷ ನಿಲ್ಲಬಹುದು. ನಮ್ಮ ಪಾಠಯೋಜನೆಗಳಲ್ಲಿ ‘ಕ್ಯಾಂಪಿಂಗ್’ ಎಂಬ ಒಂದೇ ಮಾತು ಹತ್ತು ಸಲ ಬರುತ್ತದೆ. ಕನ್ನಡದಲ್ಲಿ ಡೇರೆ, ಗುಡಾರ, ಬಿಡಾರ, ಬೀಡು, ಪಾಳೆಯ, ಹಟ್ಟಿ, ಶಿಬಿರ ಎಂದು ಒಂದೊಂದಕ್ಕೂ ಒಂದೊಂದು ಛಾಯೆಯಿರುವ ಪದಗಳಿವೆ. ಗುಡಾರ ಎಂದರೆ ತೆಲುಗು ಮಗು ‘ಗುಡಾರಂ’ ಎನ್ನುತ್ತದೆ, ತಮಿಳು ಮಗು ‘ಕೂಡಾರಂ’ ಎನ್ನುತ್ತದೆ, ಡೇರೆ ಎಂದೊಡನೆ ಉರ್ದು, ಹಿಂದಿಯ ಮಕ್ಕಳು ‘ಡೇರಾ’ ಎಂದು ಗುರುತು ಹಿಡಿಯುತ್ತಾರೆ. ಕಪ್ಪುಹಲಗೆಯ ಮೇಲೆ ಇವನ್ನು ಮಕ್ಕಳ ಬಾಯಿಂದಲೇ ಪಡೆದು ಬರೆದರೆ ಸಾಕು. ಪಟ್ಟಿಯ ಕೊನೆಗೆ ‘ದಂಡು’ ಎಂಬ ಪದವನ್ನೂ ಸೇರಿಸಿ. ದಂಡು ಎಂದರೆ ಸೈನ್ಯ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆಯನ್ನು ೧೮೦೯ರ ಸುಮಾರಿಗೆ ಹಲಸೂರಿನ ಬಳಿ ತಂದಿರಿಸಿದ ಮೇಲೆ ಆ ಬೀಡೇ ‘ದಂಡು’ ಎನಿಸಿಕೊಂಡಿತು. ರೈಲು ನಿಲ್ದಾಣದ ಫಲಕದಲ್ಲಿ ಇವತ್ತಿಗೂ ಅದೇ ಹೆಸರಿದೆ. ಶಿವಾಜಿನಗರದ ಬಸ್ಸು ಹತ್ತುವ ಮಗುವಿಗೆ ತನ್ನ ನಗರದ ಅರ್ಧ ಭಾಗ ಒಂದು ಸೈನಿಕ ಶಿಬಿರದ ಸುತ್ತ ಬೆಳೆದದ್ದೆಂದು ತಿಳಿಯುವುದು ಸಣ್ಣ ಸಂಗತಿಯಲ್ಲ.

ಪ್ರಶಿಕ್ಷಣಾರ್ಥಿಗಳು ತಮಗಾಗಿ ತಿಳಿದಿರಬೇಕಾದ ಇನ್ನೊಂದು ಚರಿತ್ರೆ ಇದೆ. ಇದನ್ನು ತರಗತಿಯಲ್ಲಿ ಹೇಳಲೇಬೇಕೆಂದಿಲ್ಲ. ಬೇಡನ್ ಪೊವೆಲ್ ೧೯೦೭ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ೨೦ ಹುಡುಗರ ಶಿಬಿರ ನಡೆಸಿದರು. ಅದರಲ್ಲಿ ಶ್ರೀಮಂತರ ಶಾಲೆಗಳ ಹುಡುಗರೂ ಕಾರ್ಮಿಕರ ಮನೆಯ ಹುಡುಗರೂ ಇದ್ದರು. ಅವರನ್ನು ಬೆರೆಸಿ ನಾಲ್ಕು ದಳಗಳನ್ನಾಗಿ ಮಾಡಿ, ದಳಕ್ಕೊಬ್ಬ ಹುಡುಗನನ್ನೇ ನಾಯಕನನ್ನಾಗಿ ಮಾಡಿದರು. ಎರಡೇ ವರ್ಷದಲ್ಲಿ, ೧೯೦೯ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಭಾರತದ ಮೊದಲ ಸ್ಕೌಟ್ ದಳವನ್ನು ಬೆಂಗಳೂರಿನಲ್ಲಿ ಆರಂಭಿಸಿದರು. ಆದರೆ ಅದು ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗಷ್ಟೇ ಇತ್ತು. ಭಾರತೀಯ ಮಕ್ಕಳಿಗಾಗಿ ಆನಿ ಬೆಸೆಂಟ್ ಮೊದಲಾದವರು ಬೇರೆ ಸಂಘಟನೆಗಳನ್ನೇ ಕಟ್ಟಬೇಕಾಯಿತು. ಹರಿದು ಹಂಚಿದ್ದ ಸಂಘಟನೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು ೧೯೫೦ರ ನವೆಂಬರ್ ೭ರಂದು. ದೊಡ್ಡಬಳ್ಳಾಪುರದ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟರ ಹೆಸರಿದೆ. ಹರಿಹರದ ಬಳಿಯ ಕೊಂಡಜ್ಜಿಯಲ್ಲಿ ಕೆರೆಯ ದಂಡೆಯ ಶಿಬಿರ ಕೇಂದ್ರವನ್ನು ನಮ್ಮಲ್ಲಿ ಕೆಲವರು ನೋಡಿರಬಹುದು. ಡೇರೆಯೊಳಗೆ ಯಾರಿಗೆ ಜಾಗ ಎಂಬ ಪ್ರಶ್ನೆ ಈ ಚಟುವಟಿಕೆಯ ಹುಟ್ಟಿನಿಂದಲೇ ಅದರ ಜೊತೆಗಿದೆ.

ಇನ್ನು ಅಂಗಳಕ್ಕೆ ಬರೋಣ.

೨೪ ಮಕ್ಕಳಿದ್ದರೆ ಆರಾರು ಜನರ ನಾಲ್ಕು ತಂಡ. ಬೆಂಚಿನ ಪ್ರಕಾರ ತಂಡ ಮಾಡಬೇಡಿ. ಬೆಂಚುಗಳು ಮೊದಲೇ ಸ್ನೇಹ, ಭಾಷೆ, ಬೀದಿಯ ಪ್ರಕಾರ ಹಂಚಿಹೋಗಿರುತ್ತವೆ. ಒಂದರಿಂದ ನಾಲ್ಕರವರೆಗೆ ಎಣಿಸಿ ಬೇರ್ಪಡಿಸುವುದು ಸುಲಭ. ಪ್ರತಿ ತಂಡಕ್ಕೆ ೧೨×೧೫ ಅಡಿಯ ಒಂದು ಟಾರ್ಪಾಲು, ಎರಡು ಬೊಂಬು, ನೈಲಾನ್ ಹಗ್ಗ, ಅಳತೆಯ ಟೇಪು. ನೆಲ ಮಣ್ಣಿನದಾದರೆ ಮರದ ಗೂಟ ಮತ್ತು ಒಂದು ಸುತ್ತಿಗೆ. ಈಗ ಅನೇಕ ಶಾಲೆಗಳ ಅಂಗಳಕ್ಕೆ ಸಿಮೆಂಟು ಇಲ್ಲವೆ ಇಂಟರ್‌ಲಾಕ್ ಕಲ್ಲು ಹಾಸಿರುವುದರಿಂದ ಗೂಟ ಹೊಡೆಯಲಾಗದು. ಅಲ್ಲಿ ಮರಳು ತುಂಬಿದ ಸಿಮೆಂಟು ಚೀಲಗಳೋ ದಪ್ಪ ಕಲ್ಲುಗಳೋ ಬೇಕು. ಹುಡುಗರು ಬೊಂಬು ಹಿಡಿಯುವುದು, ಹುಡುಗಿಯರು ತಿಂಡಿ ಜೋಡಿಸುವುದು ಎಂಬ ಹಂಚಿಕೆ ತನ್ನಷ್ಟಕ್ಕೆ ತಾನೇ ಆಗಿಬಿಡುತ್ತದೆ, ಹಾಗಾಗಲು ಬಿಡಬೇಡಿ. ಗಂಟು, ಗಳ, ಅಳತೆ, ದಾಖಲೆ ಈ ನಾಲ್ಕು ಕೆಲಸಗಳು ಅರ್ಧದಾರಿಯಲ್ಲಿ ಕೈ ಬದಲಾಗಲಿ.

ಹೇಳಿಕೊಡಬೇಕಾದದ್ದು ಕಡಿಮೆ. ಎರಡು ಗಳಗಳ ನಡುವೆ ಹಗ್ಗ ಎಳೆದು, ಅದರ ಮೇಲೆ ಟಾರ್ಪಾಲನ್ನು ಎರಡೂ ಕಡೆ ಸಮನಾಗಿ ಇಳಿಬಿಡುವುದು. ಗಳ ಬೀಳದಂತೆ ಹಗ್ಗವನ್ನು ಹೊರಕ್ಕೆ ಎಳೆದು ಕಟ್ಟುವಾಗ, ಗಳದ ಎತ್ತರ ಎಷ್ಟೋ ಬುಡದಿಂದ ಅಷ್ಟೇ ದೂರದಲ್ಲಿ ಗೂಟ. ಆಗ ಹಗ್ಗ ನೆಲಕ್ಕೆ ೪೫ ಡಿಗ್ರಿ ಕೋನದಲ್ಲಿರುತ್ತದೆ. ಗೂಟದ ತಲೆ ಡೇರೆಯಿಂದ ಹೊರಕ್ಕೆ ವಾಲಿರಬೇಕು; ಒಳಕ್ಕೆ ವಾಲಿದರೆ ಹಗ್ಗ ಜಾರಿ ಕಳಚುತ್ತದೆ. ಒಣಗಿದ ಕೊಂಬೆಯ ಕೆಳಗೆ, ನೀರು ಹರಿದು ಬರುವ ತಗ್ಗಿನಲ್ಲಿ ಡೇರೆ ಹಾಕಬಾರದು. ಬಾಯಿ ಗಾಳಿಗೆ ಎದುರಾಗಿರಬಾರದು. ಬೆಂಗಳೂರಿನಲ್ಲಿ ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಇಷ್ಟನ್ನು ಮೂರು ನಿಮಿಷದಲ್ಲಿ ಹೇಳಿ, ಒಂದು ಸಲ ಮಾಡಿ ತೋರಿಸಿ, ಪಕ್ಕಕ್ಕೆ ಸರಿದು ನಿಲ್ಲಿ.

ಗಣಿತ ತಾನಾಗಿ ಬರುತ್ತದೆ. ಟಾರ್ಪಾಲಿನ ೧೨ ಅಡಿ ಎರಡು ಇಳಿಜಾರುಗಳಾಗಿ ಹಂಚಿಹೋದರೆ ಒಂದೊಂದೂ ೬ ಅಡಿ. ನಡುವಿನ ಹಗ್ಗ ೫ ಅಡಿ ಎತ್ತರದಲ್ಲಿದ್ದರೆ ಒಳಗಿನ ನೆಲದ ಅಗಲ ಆರೂವರೆ ಅಡಿಯಷ್ಟು ಸಿಗುತ್ತದೆ. ಹಗ್ಗವನ್ನು ೪ ಅಡಿಗೆ ಇಳಿಸಿದರೆ ಅಗಲ ಸುಮಾರು ೯ ಅಡಿ. ನಿಂತುಕೊಳ್ಳುವಷ್ಟು ಎತ್ತರ ಬೇಕೋ, ಆರು ಜನ ಮಲಗುವಷ್ಟು ಜಾಗ ಬೇಕೋ ಎಂದು ತಂಡದೊಳಗೆ ಜಗಳ ಶುರುವಾಗುತ್ತದೆ. ಏಳನೆಯ ತರಗತಿಯಾದರೆ ಟೇಪು ಹಿಡಿದು ಅಳೆಯಲಿ. ವರ್ಗಮೂಲ ಗೊತ್ತಿರುವ ಎಂಟನೆಯವರಾದರೆ ಪೈಥಾಗೊರಸ್ ಪ್ರಮೇಯದಿಂದ ಮೊದಲೇ ಲೆಕ್ಕ ಹಾಕಿ, ಆಮೇಲೆ ಅಳೆದು ತಾಳೆ ನೋಡಲಿ. ಜಗಳವನ್ನು ಬಿಡಿಸಲು ಹೋಗಬೇಡಿ.

ಒಂದು ಪಾಠದಲ್ಲಿ ಟಾರ್ಪಾಲೊಂದರ ಮೂಲೆಯ ಉಂಗುರ ಕಿತ್ತುಹೋಗಿತ್ತು. ಹಗ್ಗ ಕಟ್ಟಲು ತೂತೇ ಇಲ್ಲ. ತಂಡದ ಹುಡುಗರು ಬಟ್ಟೆಯ ಮೂಲೆಯನ್ನು ಗಂಟು ಹಾಕಲು ನೋಡಿದರು, ಅದು ಜಾರಿತು. ಆಗ ಒಬ್ಬ ಹುಡುಗಿ ನೆಲದಿಂದ ನೆಲ್ಲಿಕಾಯಿ ಗಾತ್ರದ ಕಲ್ಲೊಂದನ್ನು ಆರಿಸಿ, ಮೂಲೆಯ ಮಡಿಕೆಯೊಳಗಿಟ್ಟು, ಕಲ್ಲಿನ ಕುತ್ತಿಗೆಗೆ ಹಗ್ಗ ಸುತ್ತಿ ಬಿಗಿದಳು. ಎಳೆದಷ್ಟೂ ಬಿಗಿಯಾಯಿತು. ಅಂಗಳದಲ್ಲಿದ್ದವರೆಲ್ಲ ಬಂದು ನೋಡಿದರು. ಪ್ರಶಿಕ್ಷಣಾರ್ಥಿಯೂ ಖುಷಿಯಿಂದ ಓಡಿ ಬಂದು, ‘ಎಷ್ಟು ಜಾಣೆ! ಇದನ್ನು ಎಲ್ಲಿ ಕಲಿತೆಯಮ್ಮ?’ ಎಂದು ಕೇಳಿದರು. ಹುಡುಗಿ ಮಾತಾಡಲಿಲ್ಲ. ಹಗ್ಗ ಕೈಬಿಟ್ಟು ತಂಡದ ಹಿಂದೆ ಹೋಗಿ ನಿಂತಳು. ಎಲ್ಲಿ ಕಲಿತಳೆಂದು ತಂಡದ ಅರ್ಧದಷ್ಟು ಮಕ್ಕಳಿಗೆ ಗೊತ್ತಿತ್ತು, ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು.

ಆ ಪ್ರಶ್ನೆಯಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಮೆಚ್ಚುಗೆಯ ಕೌಶಲ ಎಂದು ಸೂಕ್ಷ್ಮ ಬೋಧನೆಯಲ್ಲಿ ನಾವೇ ಹೇಳಿಕೊಟ್ಟ ಮಾತು ಅದು. ಆದರೆ ‘ಎಲ್ಲಿ’ ಎಂಬ ಪ್ರಶ್ನೆ ಮಗುವಿನ ಕೈಚಳಕದಿಂದ ಎಲ್ಲರ ಕಣ್ಣನ್ನೂ ಅವಳ ಮನೆಯ ಕಡೆಗೆ ತಿರುಗಿಸಿತು. ಪಾಠದ ನಂತರದ ಚರ್ಚೆಯಲ್ಲಿ ಸಹಪಾಠಿ ವೀಕ್ಷಕರೊಬ್ಬರು ಒಳ್ಳೆಯ ಸಲಹೆ ಕೊಟ್ಟರು: ‘ಎಲ್ಲಿ’ ಎನ್ನುವ ಬದಲು ‘ಹೇಗೆ’ ಎಂದು ಕೇಳಬಹುದಿತ್ತು. ‘ಹೇಗೆ ಕಟ್ಟಿದೆ? ಇನ್ನೊಂದು ಸಲ ನಿಧಾನವಾಗಿ ತೋರಿಸಮ್ಮ, ಉಳಿದ ಮೂರು ತಂಡದವರೂ ನೋಡಲಿ.’ ಇದರಿಂದ ಅವಳ ವಿದ್ಯೆ ಅಂಗಳದಲ್ಲೇ ಉಳಿದು ಹಂಚಿಕೆಯಾಗುತ್ತದೆ. ಮನೆಯ ವಿಷಯ ಹೇಳಬೇಕೋ ಬೇಡವೋ ಎಂಬುದು ಅವಳ ಇಚ್ಛೆಗೆ ಬಿಟ್ಟದ್ದಾಗುತ್ತದೆ. ಎಳ್ಳಮಾವಾಸ್ಯೆಯ ಹುಡುಗ ತಾನಾಗಿ ಊರಿನ ಸುದ್ದಿ ಹೇಳಿದ. ಇವಳಿಂದ ನಾವು ಕೇಳಿ ಹೊರತೆಗೆಯಲು ಹೋದೆವು. ಈ ವ್ಯತ್ಯಾಸ ಪಾಠಯೋಜನೆಯ ‘ಶಿಕ್ಷಕರ ಚಟುವಟಿಕೆ’ ಅಂಕಣದಲ್ಲೇ ಕಾಣಿಸಬೇಕು. ಕೇಳಲಿರುವ ಪ್ರಶ್ನೆಗಳನ್ನು ಬರೆಯುವಾಗಲೇ ಪ್ರತಿಯೊಂದರ ಎದುರು, ಇದಕ್ಕೆ ಉತ್ತರ ಹೇಳಲು ಯಾವ ಮಗುವಿಗೆ ಕಷ್ಟವಾದೀತು ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳುವುದನ್ನು ಅಭ್ಯಾಸ ಮಾಡಿ.

ಡೇರೆ ನಿಂತ ಮೇಲೆ ಪರೀಕ್ಷೆ. ಮಕ್ಕಳನ್ನು ಒಳಗೆ ಕೂರಿಸಿ, ಹೊರಗಿನಿಂದ ಅರ್ಧ ಬಕೆಟ್ ನೀರನ್ನು ಮೇಲೆ ಸುರಿಯಿರಿ. ೮೦ ನಿಮಿಷಗಳಲ್ಲಿ ಅತ್ಯಂತ ಹೆಚ್ಚು ಕಿರುಚಾಟ ಕೇಳುವುದು ಈಗಲೇ. ಟಾರ್ಪಾಲು ಜೋತುಬಿದ್ದ ಕಡೆ ನೀರು ನಿಂತು ಹೊಟ್ಟೆಯಂತೆ ಉಬ್ಬುತ್ತದೆ. ಕೆಲವು ಮಕ್ಕಳಿಗೆ ಅದನ್ನು ಒಳಗಿನಿಂದ ಕೋಲಿನಲ್ಲಿ ಮೇಲಕ್ಕೆ ತಳ್ಳಿ ನೀರು ಇಳಿಸಬೇಕೆಂದು ಯಾರೂ ಹೇಳದೆ ಗೊತ್ತಿರುತ್ತದೆ. ಆಮೇಲೆ ಹಗ್ಗ ಬಿಗಿಮಾಡಿ ಮತ್ತೆ ಅರ್ಧ ಬಕೆಟ್. ಟ್ಯಾಂಕರ್ ನೀರು ನಂಬಿದ ಬಡಾವಣೆ ಇದು, ಹಾಗಾಗಿ ಡೇರೆಯ ಅಂಚಿನಲ್ಲಿ ಬಕೆಟ್ ಇಟ್ಟು ಬಿದ್ದ ನೀರು ಹಿಡಿದು ಗಿಡಗಳಿಗೆ ಹಾಕಿಸಿ.

ನಂತರದ ಹತ್ತು ನಿಮಿಷಕ್ಕೆ ಯಾವ ಚಟುವಟಿಕೆಯನ್ನೂ ಬರೆಯಬೇಡಿ. ಇದನ್ನು ಒಪ್ಪಿಸುವುದು ಮಾರ್ಗದರ್ಶಿ ಉಪನ್ಯಾಸಕರಿಗೂ ಕಷ್ಟವೆಂದು ಬಲ್ಲೆ. ಪಾಠಯೋಜನೆಗಳಲ್ಲಿ ‘ವಿದ್ಯಾರ್ಥಿಗಳು ಆನಂದಿಸುವರು’ ಎಂದು ಬರೆದು, ಆನಂದಕ್ಕೆ ಒಂದು ನಿಮಿಷವನ್ನೂ ಇಟ್ಟಿರುವುದಿಲ್ಲ. ತಾವು ಕಟ್ಟಿದ ಡೇರೆಯೊಳಗೆ ಸುಮ್ಮನೆ ಕೂರಲು, ಕಡ್ಲೆಪುರಿ ತಿನ್ನಲು ಬಿಡಿ. ಕಡ್ಲೆಪುರಿಯನ್ನು ದಾವಣಗೆರೆಯ ಮಗು ಮಂಡಕ್ಕಿ ಎನ್ನುತ್ತದೆ, ಕಲಬುರಗಿಯ ಮಗು ಚುರುಮುರಿ ಎನ್ನುತ್ತದೆ. ಅದೂ ಒಂದು ಚರ್ಚೆಯಾದೀತು. ಕೆಲವು ತಂಡಗಳು ತಾವಾಗಿಯೇ ಕಿವಿಗೊಡುತ್ತವೆ. ಅಳಿಲು, ಕೋಗಿಲೆ, ಎಚ್‌ಎಎಲ್ ಕಡೆಯಿಂದ ಬರುವ ಹೆಲಿಕಾಪ್ಟರ್, ಸೇತುವೆಯ ಮೇಲಿನ ಆಂಬುಲೆನ್ಸು. ಬೇಕಿದ್ದರೆ ಹಾಳೆಯ ನಡುವೆ ಡೇರೆ ಬರೆದು, ಯಾವ ಸದ್ದು ಯಾವ ದಿಕ್ಕಿನಿಂದ ಬಂತೆಂದು ಗುರುತಿಸಲಿ. ಸಮೀಪದ ಕೈಕೊಂಡರಹಳ್ಳಿ ಕೆರೆಯಂಥ ಕಡೆ ಒಂದು ಬೆಳಗ್ಗೆ ಕರೆದೊಯ್ಯಲು ಅನುಮತಿ ಸಿಕ್ಕರೆ ಇದೇ ಹಾಳೆಯನ್ನು ಅಲ್ಲಿ ಮತ್ತೆ ತುಂಬಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ರಾಷ್ಟ್ರೀಯ ಶಿಕ್ಷಣ ನೀತಿ ೨೦೨೦ ಆರರಿಂದ ಎಂಟನೆಯ ತರಗತಿಗೆ ಸೂಚಿಸಿರುವ ೧೦ ಬ್ಯಾಗ್ ರಹಿತ ದಿನಗಳಲ್ಲಿ ಒಂದನ್ನು ಇದಕ್ಕೆ ಕೇಳಬಹುದು. ರಾತ್ರಿ ತಂಗುವ ಶಿಬಿರದ ಆಸೆಯನ್ನು ಅಭ್ಯಾಸ ಬೋಧನೆಯ ಅವಧಿಯಲ್ಲಿ ಇಟ್ಟುಕೊಳ್ಳಬೇಡಿ. ಮುಖ್ಯಶಿಕ್ಷಕರು, ಎಸ್‌ಡಿಎಂಸಿ, ಪೋಷಕರು ಒಪ್ಪಿದರೆ ಹುಣ್ಣಿಮೆಯ ಸಂಜೆ ಅಂಗಳದಲ್ಲೇ ಬೆಳದಿಂಗಳೂಟ ಮಾಡಿ ಎಂಟು ಗಂಟೆಗೆ ಮನೆಗೆ ಕಳಿಸಿದರೆ ಸಾಕಷ್ಟಾಯಿತು.

ವೀಕ್ಷಕರಿಗೊಂದು ಮಾತು. ನಮ್ಮ ವೀಕ್ಷಣಾ ಪಟ್ಟಿಯಲ್ಲಿ ‘ತರಗತಿ ನಿಯಂತ್ರಣ’ ಎಂಬ ಸಾಲಿದೆ. ಈ ಪಾಠಕ್ಕೆ ಆ ಸಾಲಿನಲ್ಲಿ ಗದ್ದಲ ಅಳೆಯುವುದು ತಪ್ಪಾಗುತ್ತದೆ. ಸುತ್ತಿಗೆ ಯಾರ ಕೈಯಲ್ಲಿದೆ, ಗಳದ ಕೆಳಗೆ ಯಾರಾದರೂ ಕೂತಿದ್ದಾರೆಯೇ, ಅರ್ಧ ಗಂಟೆಯಿಂದ ಹಗ್ಗ ಮುಟ್ಟದ ಮಗು ಯಾವುದು ಎಂಬುದನ್ನು ಪ್ರಶಿಕ್ಷಣಾರ್ಥಿ ಗಮನಿಸುತ್ತಿದ್ದಾರೆಯೇ ಎಂದು ನೋಡಿ. ಡೇರೆಗೆ ಅಂಕ ಕೊಡುವುದೂ ಬೇಡ. ‘ನಮ್ಮ ಡೇರೆ’ ಎಂದು ಐದು ವಾಕ್ಯ ಬರೆಸಿದರೆ ಯಾರು ಏನು ಕಲಿತರೆಂದು ತಿಳಿಯುತ್ತದೆ. ನಮ್ಮ ಕಾಲೇಜುಗಳ ಪೌರತ್ವ ತರಬೇತಿ ಶಿಬಿರದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಉದ್ಘಾಟನೆ, ಉಪನ್ಯಾಸ, ಸಾಂಸ್ಕೃತಿಕ ಸಂಜೆ, ಸಮಾರೋಪಗಳಲ್ಲೇ ಅದರ ದಿನಗಳು ಕಳೆದುಹೋಗುತ್ತವೆ. ತಾವೇ ಒಂದು ಡೇರೆಯನ್ನೂ ಕಟ್ಟದೆ ಶಿಬಿರ ಮುಗಿಸಿ ಬಂದವರು ಮಕ್ಕಳಿಗೆ ಚಾರ್ಟು ತೋರಿಸದೆ ಇನ್ನೇನು ಮಾಡಿಯಾರು? ಆ ಶಿಬಿರದ ಒಂದು ಮಧ್ಯಾಹ್ನವನ್ನಾದರೂ ಟಾರ್ಪಾಲು, ಹಗ್ಗಗಳಿಗೆ ಬಿಟ್ಟುಕೊಡಬೇಕು.

ಡೇರೆ ಬಿಚ್ಚುವುದಕ್ಕೆ ಪೂರ್ತಿ ೧೫ ನಿಮಿಷ ಇಟ್ಟುಕೊಳ್ಳಿ. ಗಂಟೆ ಹೊಡೆಯುವ ಮುನ್ನ ಮುಗಿಸುವ ಅವಸರದಲ್ಲಿ ‘ಯಾವ ತಂಡ ಬೇಗ ಕೆಡವುತ್ತದೆ ನೋಡೋಣ’ ಎಂದು ಸ್ಪರ್ಧೆ ಮಾಡುವುದುಂಟು. ಈ ಭಾಗದ ಶಾಲೆಗಳಲ್ಲಿ ಅದು ಬೇಡ. ೨೦೨೦ರ ಜನವರಿಯಲ್ಲಿ ಮಾರತ್ತಹಳ್ಳಿಗೆ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಶೆಡ್ಡುಗಳನ್ನು ಕೆಡವಿದ್ದು, ಅವುಗಳಲ್ಲಿ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದದ್ದು, ಪ್ರಕರಣ ಹೈಕೋರ್ಟಿಗೆ ಹೋದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಕಟ್ಟಿದ ಕೈಗಳೇ, ಕಟ್ಟಿದ ಕ್ರಮದ ಹಿಂದುಮುಂದಾಗಿ, ಗಂಟುಗಳನ್ನು ಕತ್ತರಿಸದೆ ಬಿಚ್ಚಲಿ. ಹಗ್ಗವನ್ನು ಮೊಳಕೈಗೆ ಸುತ್ತಿ ಕಟ್ಟಿಡುವುದು, ಟಾರ್ಪಾಲನ್ನು ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಕೊಡವಿ, ಒಣಗಿಸಿ, ಅಂಚಿಗೆ ಅಂಚು ಕೂಡಿಸಿ ಮಡಚುವುದು, ತಂದ ಕಲ್ಲುಗಳನ್ನು ತೆಗೆದಲ್ಲೇ ಇಡುವುದು. ಒದ್ದೆ ಟಾರ್ಪಾಲು ಮಡಚಿಟ್ಟರೆ ಎರಡೇ ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ಬಿಸಿಲಿಲ್ಲದ ದಿನವಾದರೆ ಮಡಚದೆ ಕಾರಿಡಾರಿನ ಕಂಬಿಯ ಮೇಲೆ ಹರವಿ, ಮರುದಿನ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಎರಡು ತಂಡಗಳು ಬಂದು ಮಡಚುವಂತೆ ಹೇಳಿಡಿ.